ಬಾಕಿದಾರರ ಬಾಗಿಲಲ್ಲಿ ಬ್ಯಾಂಡು

ಮದುವೆಗಳು ನಡೆಯದ ತಿಂಗಳುಗಳಲ್ಲಿ ಬ್ಯಾಂಡಿನವರ ಕೆಂಪು ಕೋಟುಗಳು ಪೆಟ್ಟಿಗೆಯಲ್ಲಿ ನುಸಿಗುಳಿಗೆಯ ಜೊತೆ ಮಲಗಿರುತ್ತವೆ. ಬ್ಯಾಂಡಿನವರು ಮಾತ್ರ ಮಲಗುವಂತಿಲ್ಲ, ಸಿಕ್ಕ ಕೆಲಸಕ್ಕೆ ಹೊರಡಬೇಕು. ಆ ವರ್ಷ ಬ್ಯಾಂಡ್ ಅಕ್ಕನ ತಂಡಕ್ಕೆ ಸಿಕ್ಕಿದ ಕೆಲಸವನ್ನು ಮಾತ್ರ ಅವರ ವಂಶದಲ್ಲಿ ಯಾರೂ ಮಾಡಿರಲಿಲ್ಲ.

ಬ್ಯಾಂಡ್ ಅಕ್ಕ ಎಂದರೆ ಆ ಬೀದಿಯಲ್ಲಿ ಮುದುಕರಿಗೂ ಅಕ್ಕನೇ. ಅಪ್ಪ ಕಟ್ಟಿದ ಬ್ಯಾಂಡು ಅಪ್ಪ ಸತ್ತಾಗ ಚೆದುರಿಹೋಗುವುದರಲ್ಲಿತ್ತು. ದೊಡ್ಡ ಡ್ರಮ್ಮಿನ ಭಾರ ಯಾರಿಗೂ ಬೇಕಿರಲಿಲ್ಲ. ಇಪ್ಪತ್ತಾರು ವರ್ಷದ ಮಗಳು ಅದರ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಮುಂದೆ ನಿಂತಳು. ಹದಿನೈದು ವರ್ಷಗಳಲ್ಲಿ ಆ ಪಟ್ಟಿ ಅವಳ ಎಡ ಹೆಗಲನ್ನು ಬೆರಳಿನಷ್ಟು ತಗ್ಗಿಸಿತ್ತು. ಗಂಡ ಕ್ಲಾರಿನೆಟ್ ಊದುತ್ತಿದ್ದ. ಯಾರ ಜೊತೆಗೂ ದನಿ ಎತ್ತದ ಮನುಷ್ಯ, ಕ್ಲಾರಿನೆಟ್ಟಿನ ಜೊತೆಗೂ ಅಷ್ಟೇ. ಅವನ ತಮ್ಮ, ಅಂದರೆ ಅಕ್ಕನ ಮೈದುನ, ಟ್ರಂಪೆಟ್. ಅವನಿಗೆ ದನಿ ಇಳಿಸುವುದೇ ಗೊತ್ತಿರಲಿಲ್ಲ. ಉಳಿದ ಐವರೂ ಅಪ್ಪನ ಕಾಲದವರು.

ಒಂದು ಬೆಳಗ್ಗೆ ನಗರಸಭೆಯ ತೆರಿಗೆ ಇನ್‌ಸ್ಪೆಕ್ಟರ್ ಅವರ ಮನೆ ಹುಡುಕಿಕೊಂಡು ಬಂದರು. ಮುಂಗೋಣೆಯಲ್ಲಿ ವಾದ್ಯಗಳ ನಡುವೆ ಉಳಿದಿದ್ದ ಒಂದೇ ಕುರ್ಚಿಯಲ್ಲಿ ಮೊಣಕಾಲು ಕೂಡಿಸಿಕೊಂಡು ಕೂತರು.

"ನೋಟಿಸ್ ಕೊಟ್ಟೆವಮ್ಮ, ಹರಿದು ಹಾಕಿದ್ರು. ಮೈಕಿನಲ್ಲಿ ಕೂಗಿಸಿದೆವು, ಕಿಟಕಿ ಮುಚ್ಚಿಕೊಂಡ್ರು. ಫೋನ್ ಮಾಡಿದ್ರೆ ಅವರೇ ತೆಗೆದು, ಅವರು ಮನೇಲಿಲ್ಲ ಅಂತಾರೆ. ಮನೆ ತೆರಿಗೆ ಕಟ್ಟೋರು ನೂರಕ್ಕೆ ಮೂವತ್ತು ಜನ. ಮೇಲಿನವರು ದಿನಾ ನನ್ನ ಕುತ್ತಿಗೆ ಹಿಡೀತಾರೆ."

"ಅದಕ್ಕೆ ನಾವೇನು ಮಾಡ್ಬೇಕು ಸಾರ್?"

"ಬಾಕಿದಾರರ ಬಾಗಿಲ ಮುಂದೆ ಬ್ಯಾಂಡ್ ಬಾರಿಸ್ಬೇಕು. ಬೆಳಗ್ಗೆ ಎಂಟರಿಂದ ಹತ್ತರವರೆಗೆ. ಇಡೀ ಬೀದಿ ಬಂದು ನೋಡ್ಬೇಕು. ಮಾನಕ್ಕೆ ಅಂಜಿ ಆದ್ರೂ ಕಟ್ತಾರೆ."

ಮೈದುನ ಬಾಗಿಲಿಗೆ ಒರಗಿ ನಿಂತಿದ್ದವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅಕ್ಕ ನಗಲಿಲ್ಲ. ಇನ್‌ಸ್ಪೆಕ್ಟರ್ ಕೊಟ್ಟ ಬಾಕಿದಾರರ ಪಟ್ಟಿಯನ್ನು ಬೆರಳಿಟ್ಟು ಓದುತ್ತ ಹೋದಳು. ಮೂರನೆಯ ಪುಟದಲ್ಲಿ ಬೆರಳು ನಿಂತಿತು.

"ಸಾರ್, ಇದು ನಮ್ಮ ಮನೆ."

ಇನ್‌ಸ್ಪೆಕ್ಟರ್ ಪಟ್ಟಿ ಕಸಿದುಕೊಂಡು ನೋಡಿದರು, ಬಾಗಿಲ ಮೇಲಿನ ನಂಬರ್ ನೋಡಿದರು. "ಹೋಗಲಿ ಬಿಡಿ. ನಿಮ್ಮದನ್ನ ಹೊಡೆದುಹಾಕಿ ಬೇರೆ ಪಟ್ಟಿ ಮಾಡಿಸ್ತೀನಿ."

"ಕಟ್ಟಬಾರದು ಅಂತೇನಿಲ್ಲ," ಎಂದ ಗಂಡ ನೆಲ ನೋಡುತ್ತ. "ಈ ಬೀದೀಲಿ ಯಾರೂ ಕಟ್ಟಲ್ಲ. ಒಂದು ವರ್ಷ ನಾನು ಕಟ್ಟೋಕೆ ಹೊರಟಿದ್ದೆ. ಎದುರುಮನೆಯವರು, ನಿನಗೇನು ಹುಚ್ಚಾ, ನೀನು ಕಟ್ಟಿದ್ರೆ ನಾಳೆ ನಮ್ಮನ್ನೂ ಕೇಳ್ತಾರೆ ಅಂದ್ರು. ವಾಪಸ್ ಬಂದೆ."

ಬೀದಿಯ ಮಾತು ಅದೇ ಆಗಿತ್ತು. ಕಟ್ಟಿದವನು ಪೆದ್ದ. ಕಟ್ಟದವನಿಗೆ ಆಗುವುದೇನೂ ಇಲ್ಲ. ತಪ್ಪಿಸಿಕೊಂಡ ಕಥೆಯನ್ನು ಕ್ಷೌರದಂಗಡಿಯಲ್ಲಿ ಕೂತು ಹೇಳಿಕೊಂಡರೆ ಸುತ್ತಲಿನವರು ತೊಡೆ ತಟ್ಟಿ ನಗುತ್ತಿದ್ದರು.

"ಪಟ್ಟಿ ಹಾಗೇ ಇರಲಿ ಸಾರ್," ಎಂದಳು ಅಕ್ಕ, ಇನ್‌ಸ್ಪೆಕ್ಟರ್ ತಂದಿದ್ದ ಕರಾರಿಗೆ ಸಹಿ ಹಾಕುತ್ತ. "ನಮ್ಮ ಮನೆಯಿಂದಲೇ ಶುರು ಮಾಡ್ತೀವಿ."

ಮಾರನೆಯ ದಿನ ಬೆಳಗ್ಗೆ ಎಂಟಕ್ಕೆ ಕೆಂಪು ಕೋಟು ಹಾಕಿಕೊಂಡ ಎಂಟು ಜನ ತಮ್ಮದೇ ಬಾಗಿಲಿಗೆ ಮುಖ ಮಾಡಿ ನಿಂತರು. ಬೀದಿಗೆ ಬೀದಿಯೇ ಹೊರಗೆ ಬಂತು. ಬ್ಯಾಂಡ್ ಅಕ್ಕನಿಗೆ ತಲೆ ಕೆಟ್ಟಿದೆ ಎಂದರು. ಅವಳು ಒಂದು ಹಾಡು ಪೂರ್ತಿ ಬಾರಿಸಿ, ಡ್ರಮ್ ಇಳಿಸಿ, ಒಳಗೆ ಹೋಗಿ, ಮನೆಯೊಡತಿಯಾಗಿ ಹೊರಗೆ ಬಂದು, ಇನ್‌ಸ್ಪೆಕ್ಟರ್ ಕೈಗೆ ದುಡ್ಡು ಕೊಟ್ಟು ರಸೀತಿ ಇಸಿದುಕೊಂಡಳು. ರಸೀತಿಯನ್ನು ಬಾಗಿಲಿಗೇ ಅಂಟಿಸಿದಳು. ನಗುತ್ತಿದ್ದವರಲ್ಲಿ ಅರ್ಧ ಜನ ನಗುವುದನ್ನು ನಿಲ್ಲಿಸಿ ಮೆಲ್ಲಗೆ ಮನೆ ಸೇರಿಕೊಂಡರು.

ಆಮೇಲಿನ ಒಂಬತ್ತು ದಿನ ಬ್ಯಾಂಡು ಊರನ್ನೇ ನಡುಗಿಸಿತು. ಒಬ್ಬ ದಂತವೈದ್ಯರು ಬಾಯಿ ತೆರೆದು ಕೂತಿದ್ದ ರೋಗಿಯನ್ನು ಹಾಗೇ ಬಿಟ್ಟು ಓಡಿಬಂದು, ದಮ್ಮಯ್ಯ ನಿಲ್ಲಿಸಿ ಎಂದರು. ಒಬ್ಬಾಕೆ ಮಹಡಿಯಿಂದ ಬಕೆಟ್ಟು ನೀರು ಸುರಿದಳು. ಮೈದುನ ಟ್ರಂಪೆಟ್ ತಲೆಕೆಳಗು ಮಾಡಿ ನೀರು ಚೆಲ್ಲಿ ಮತ್ತೆ ಊದಿದ. ಹಾರ್ಡ್‌ವೇರ್ ಅಂಗಡಿಯ ಸಾಹುಕಾರರು ಮೊದಲ ದಿನ ಷಟರ್ ಎಳೆದುಕೊಂಡು ಒಳಗೇ ಕೂತರು. ಎರಡನೆಯ ದಿನ ಗಿರಾಕಿಗಳೆಲ್ಲ ಕೂಡಿ ಗೇಲಿ ಮಾಡಿದ ಮೇಲೆ ಹೊರಗೆ ಬಂದು, ಅಕ್ಕನನ್ನು ನುಂಗುವಂತೆ ನೋಡುತ್ತ ಚೆಕ್ ಬರೆದರು.

"ನಿನ್ನ ಮಗಳ ಮದುವೇಲೂ ಹೀಗೇ ಬಂದು ಬಾರಿಸ್ತೀನಿ ನೋಡ್ತಿರು," ಎಂದರು ಹಲ್ಲು ಕಡಿದು.

"ನನಗೆ ಮಗಳಿಲ್ಲ ಸಾಹುಕಾರ್ರೆ. ನಿಮ್ಮ ಮಗಳ ಮದುವೆಗೆ ಕರೀರಿ, ನಾವೇ ಬರ್ತೀವಿ."

ಇನ್‌ಸ್ಪೆಕ್ಟರ್ ಮುಖದಲ್ಲಿ ಕಳೆ ಬಂದಿತ್ತು. ಹನ್ನೊಂದನೆಯ ದಿನ ಅವರು ತಂಡವನ್ನು ಆಸ್ಪತ್ರೆ ಹಿಂದಿನ ಗಲ್ಲಿಗೆ ಕರೆದುಕೊಂಡು ಹೋಗಿ ಹಸಿರು ಗೇಟಿನ ಮನೆಯ ಮುಂದೆ ನಿಲ್ಲಿಸಿದರು. ಅಕ್ಕನ ಕೈಯಲ್ಲಿದ್ದ ಕೋಲು ತಾನೇ ತಾನಾಗಿ ಕೆಳಗಿಳಿಯಿತು. ಅದು ನರ್ಸಮ್ಮನ ಮನೆ. ನಗರಸಭೆಯ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತಳಾದವಳು. ಆ ಭಾಗದ ಅರ್ಧ ಜನ ಭೂಮಿಗೆ ಬಂದದ್ದು ಅವಳ ಕೈಮೇಲೆ.

"ಸಾರ್, ಇವರು ಬಾಕಿ ಇಡೋರಲ್ಲ. ಏನೋ ತಪ್ಪಾಗಿದೆ."

"ಮೂರು ವರ್ಷದ್ದು ಬಾಕಿ ಇದೆ. ಬಾರಿಸಿ."

ಬಾರಿಸಿದರು. ನರ್ಸಮ್ಮ ಮೊಣಕಾಲು ಹಿಡಿದುಕೊಂಡು ಹೊರಗೆ ಬಂದಳು. ಬರುವಾಗ ಬೆತ್ತದ ಕುರ್ಚಿಯೊಂದನ್ನು ಎಳೆದು ತಂದಳು. ಗೇಟಿನೊಳಗೆ ಕೂತು, ಮದುವೆಗೆ ಬಂದವಳ ಹಾಗೆ ಹಾಡು ಮುಗಿಯುವವರೆಗೂ ಕೇಳಿದಳು.

"ನೀನು ಹುಟ್ಟಿದಾಗಲೂ ಹೀಗೇ ಊರಿಗೆಲ್ಲ ಕೇಳೋ ಹಾಗೆ ಕಿರುಚಿದ್ದೆ ಕಣೆ," ಎಂದಳು ಅಕ್ಕನಿಗೆ. "ಆದ್ರೆ ಅವತ್ತು ತಾಳ ಇರಲಿಲ್ಲ, ಈಗ ಇದೆ."

ಅಕ್ಕನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. "ಯಾಕಮ್ಮ ಕಟ್ಟಲಿಲ್ಲ ನೀವು? ದುಡ್ಡಿಗೆ ತೊಂದರೆ ಇದ್ರೆ ಹೇಳಿ, ನಾವು..."

"ತೊಂದರೆ ಇಲ್ಲ. ಪಿಂಚಣಿ ಬರುತ್ತೆ. ದುಡ್ಡು ಬೇರೆಯಾಗೇ ತೆಗೆದಿಟ್ಟಿದೀನಿ." ನರ್ಸಮ್ಮ ಇನ್‌ಸ್ಪೆಕ್ಟರ್ ಕಡೆ ತಿರುಗಿದಳು. "ಪ್ರತಿ ವರ್ಷ ನಿಮ್ಮ ಕಚೇರಿಗೆ ಕಾಗದ ಬರೆದಿದೀನಪ್ಪ, ಯಾಕೆ ಕಟ್ಟಲ್ಲ ಅಂತ. ಓದಿದೀರಾ?"

ಇನ್‌ಸ್ಪೆಕ್ಟರ್ ಪಟ್ಟಿಯ ಹಾಳೆ ಮಗುಚಿದರು.

"ಓದಿಲ್ಲ. ಹಾಗಾದ್ರೆ ಈಗ ಕೇಳಿ. ಮೊದಲು ವರ್ಷಕ್ಕೊಂದು ಸಲ ನಗರಸಭೆ ಅಂಗಳದಲ್ಲಿ ಲೆಕ್ಕ ಓದ್ತಿದ್ರು. ಎಷ್ಟು ಬಂತು, ಯಾವುದಕ್ಕೆ ಹೋಯ್ತು, ಎಲ್ಲ ಗಟ್ಟಿಯಾಗಿ. ಜನ ನೆಲದ ಮೇಲೆ ಕೂತು ಕೇಳೋರು. ಜಗಳ ಅಂದ್ರೆ ಏನು ಜಗಳ! ನಮ್ಮ ಬೀದಿಗೆ ಯಾಕಿಲ್ಲ, ಅವರ ಬೀದಿಗೆ ಯಾಕೆ ಅಂತ ಶರಟು ಹಿಡಿದುಕೊಳ್ಳೋರು. ಮಾರನೇ ದಿನ ಅದೇ ಜನ ಸಾಲಲ್ಲಿ ನಿಂತು ತೆರಿಗೆ ಕಟ್ಟೋರು. ನಾನು ಕಣ್ಣಾರೆ ನೋಡಿದೀನಿ, ನಾನೂ ನಿಂತಿದೀನಿ. ಆಮೇಲೊಂದು ವರ್ಷ ಅಂಗಳ ರಿಪೇರಿ, ಈ ಸಲ ಓದಲ್ಲ ಅಂದ್ರು. ಮುಂದಿನ ವರ್ಷ ಯಾರೂ ಕೇಳಲಿಲ್ಲ. ಅದು ನಮ್ಮ ತಪ್ಪು. ಆಮೇಲೆ ಹೆರಿಗೆ ಆಸ್ಪತ್ರೆ ಬಾಗಿಲು ಹಾಕಿದ್ರು, ಯಾಕೆ ಅಂತ ಯಾರೂ ಹೇಳಲಿಲ್ಲ. ಅವತ್ತಿಂದ ನಾನು ಕಟ್ಟಿಲ್ಲ. ಲೆಕ್ಕ ಓದಿ, ಕಟ್ತೀನಿ."

ಗಲ್ಲಿಯಲ್ಲಿ ಕೂಡಿದ್ದವರು ಗುಜುಗುಜು ಮಾಡಿದರು. ಇನ್‌ಸ್ಪೆಕ್ಟರ್ ಕೈಗಡಿಯಾರ ನೋಡಿಕೊಂಡರು.

"ಇದೆಲ್ಲ ನನ್ನ ಕೈಯಲ್ಲಿಲ್ಲ. ನನಗೆ ಗೊತ್ತಿರೋದು ಪಟ್ಟಿ ಒಂದೇ. ಇನ್ನೊಂದು ಸಲ ಬಾರಿಸಿ."

ಗಂಡ ಕ್ಲಾರಿನೆಟ್ಟನ್ನು ತುಟಿಗಿಟ್ಟು ಹೆಂಡತಿಯನ್ನು ನೋಡಿದ. ಅಕ್ಕ ಹೆಗಲ ಪಟ್ಟಿಯ ಬಕ್ಕಲ್ ಬಿಚ್ಚಿದಳು. ಡ್ರಮ್ಮನ್ನು ನೆಲಕ್ಕಿಟ್ಟಳು.

"ಈ ಮನೆ ಮುಂದೆ ನನ್ನ ಡ್ರಮ್ ಏಳಲ್ಲ ಸಾರ್."

"ಕರಾರಿಗೆ ಸಹಿ ಹಾಕಿದೀಯಾ. ಇವತ್ತು ಬಾರಿಸದೇ ಇದ್ರೆ ಇಷ್ಟು ದಿನದ್ದೂ ಸಿಗಲ್ಲ."

"ಕರಾರಲ್ಲಿ ಏನು ಬರೆದಿದೆ? ಬಾಕಿ ಉಳಿಸಿಕೊಂಡವರ ಬಾಗಿಲಲ್ಲಿ ಬಾರಿಸ್ಬೇಕು ಅಂತ ತಾನೆ? ಇವರದ್ದು ದುಡ್ಡು ಬಾಕಿ, ಒಪ್ಪಿದೆ. ನಗರಸಭೆಯದ್ದು ಲೆಕ್ಕ ಬಾಕಿ. ಯಾರ ಬಾಕಿ ಹಳೇದು ಹೇಳಿ, ಮೊದಲು ಅವರ ಬಾಗಿಲಿಗೆ ಹೋಗ್ತೀವಿ."

"ಅತ್ತಿಗೆ, ಸುಮ್ನಿರಿ," ಎಂದ ಮೈದುನ ಅವಳ ಕಿವಿಯಲ್ಲಿ. "ಹನ್ನೊಂದು ದಿನದ ಕೂಲಿ ನೀರಲ್ಲಿ ಹೋಗುತ್ತೆ."

"ಹೋಗಲಿ," ಎಂದ ಗಂಡ. ಎಲ್ಲರೂ ಅವನ ಕಡೆ ತಿರುಗಿದರು. ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ನಡೀರಿ, ಹೋಗೋಣ."

ಇನ್‌ಸ್ಪೆಕ್ಟರ್ ಗಲ್ಲಿಯಲ್ಲಿ ಒಬ್ಬರೇ ಉಳಿದರು. ಬ್ಯಾಂಡು ನಗರಸಭೆ ಕಚೇರಿಯ ಮೆಟ್ಟಿಲ ಮುಂದೆ ಹೋಗಿ ನಿಂತಾಗ ಗಂಟೆ ಹತ್ತೂಕಾಲು. ಒಳಗಿನ ನೌಕರರು ಆಗತಾನೆ ಕುರ್ಚಿಗೆ ಕೋಟು ತಗುಲಿಹಾಕುತ್ತಿದ್ದರು. ಅಕ್ಕ ಕೋಲೆತ್ತಿ ಮೊದಲ ಏಟು ಹಾಕಿದಾಗ ಮೂರು ಮಹಡಿಯ ಕಿಟಕಿ ಗಾಜುಗಳೆಲ್ಲ ಝಲ್ಲೆಂದವು. ಹಾಡಿನ ಮೇಲೆ ಹಾಡು ಬಾರಿಸಿ, ನಡುನಡುವೆ ನಿಲ್ಲಿಸಿ, ಮೈದುನ ಎರಡು ಕೈಯನ್ನೂ ಬಾಯಿಗೆ ಹಿಡಿದು ಕೂಗುತ್ತಿದ್ದ: "ಲೆಕ್ಕ ಬಾಕಿ! ಲೆಕ್ಕ ಓದಿ!" ಕೂಲಿಯ ಚಿಂತೆ ಅವನಿಗೆ ಆಗಲೇ ಮರೆತುಹೋಗಿತ್ತು.

ಮೊದಲ ದಿನ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡನೆಯ ದಿನ ನಗರಸಭೆ ಅಧ್ಯಕ್ಷರು ಪೊಲೀಸರಿಗೆ ಫೋನ್ ಮಾಡಿಸಿದರು. ದಪ್ಪ ಮೀಸೆಯ ಕಾನ್‌ಸ್ಟೆಬಲ್ ಒಬ್ಬರು ಬಂದು ಕಾಯಿದೆ ಪುಸ್ತಕ ತೆಗೆದರು.

"ಸರ್ಕಾರಿ ಕಚೇರಿ ಮುಂದೆ ನಿಂತು ಬಾರಿಸೋ ಹಾಗಿಲ್ಲ."

"ನಡೀತಾ ಬಾರಿಸಬಹುದಾ?" ಎಂದು ಕೇಳಿದಳು ಅಕ್ಕ.

ಕಾನ್‌ಸ್ಟೆಬಲ್ ಪುಸ್ತಕದ ಹಾಳೆಗಳನ್ನು ಹಿಂದೆ ಮುಂದೆ ತಿರುಗಿಸಿದರು, ತಲೆ ಕೆರೆದುಕೊಂಡರು. "ನಡೆಯೋದು ಬೇಡ ಅಂತ ಇದರಲ್ಲಿ ಎಲ್ಲೂ ಬರೆದಿಲ್ಲ."

ಬ್ಯಾಂಡು ನಡೆಯತೊಡಗಿತು. ಕಚೇರಿಯ ಸುತ್ತ ಒಂದು ಸುತ್ತು ಎಂದರೆ ನಾಲ್ಕುನೂರು ಹೆಜ್ಜೆ. ಮುಂದೆ ಮೆಟ್ಟಿಲು, ಪಕ್ಕದಲ್ಲಿ ಸೈಕಲ್ ಸ್ಟ್ಯಾಂಡ್, ಹಿಂದೆ ಅಧ್ಯಕ್ಷರ ಕೋಣೆಯ ಕಿಟಕಿ, ಮತ್ತೆ ಮೆಟ್ಟಿಲು. ಮೂರನೆಯ ದಿನ ಅಕ್ಕನ ಹೆಗಲು ಊದಿಕೊಂಡಿತು. ಗಂಡ ಹಳೆಯ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಪಟ್ಟಿಯ ಕೆಳಗಿಟ್ಟ. ತಾಳ ಹಾಕುತ್ತಿದ್ದ ಮುದುಕರು ಕಾಲು ಸೋತರೆ ನೆರಳಲ್ಲಿ ಕೂತು ಅಲ್ಲಿಂದಲೇ ತಾಳ ಹಾಕುತ್ತಿದ್ದರು.

ನಾಲ್ಕನೆಯ ದಿನ ಸೈಕಲ್ ಸ್ಟ್ಯಾಂಡಿನ ಹತ್ತಿರ ಅಕ್ಕ ತಿರುಗಿ ನೋಡಿದರೆ ಹಿಂದೆ ಹಾರ್ಡ್‌ವೇರ್ ಸಾಹುಕಾರರು ನಡೆದು ಬರುತ್ತಿದ್ದರು.

"ಏನು ಸಾಹುಕಾರ್ರೆ, ಜಗಳಕ್ಕೆ ಬಂದ್ರಾ?"

"ನನ್ನ ಬಾಗಿಲಲ್ಲಿ ಬಾರಿಸಿ ನನ್ನ ಮಾನ ಕಳೆದ್ರಿ. ಇವರ ಮಾನ ಹೋಗೋದನ್ನೂ ಕಣ್ತುಂಬ ನೋಡ್ಬೇಕು," ಎಂದರು ಅವರು. ಸ್ವಲ್ಪ ದೂರ ನಡೆದು, ಬೆವರು ಒರೆಸಿಕೊಂಡು, "ನಾನು ಈಗ ದುಡ್ಡು ಕಟ್ಟಿದವನು. ಅದು ಎಲ್ಲಿ ಹೋಯ್ತು ಅಂತ ನನಗೂ ಗೊತ್ತಾಗ್ಬೇಕು," ಎಂದರು.

ಅವರ ಹಿಂದೆ ದಂತವೈದ್ಯರು ಬಂದರು. ನೀರು ಸುರಿದಿದ್ದಾಕೆ ಬಂದಳು, ಈ ಸಲ ಕುಡಿಯುವ ನೀರಿನ ಬಾಟಲಿ ಹಿಡಿದುಕೊಂಡು. ಯಾರ ಯಾರ ಬಾಗಿಲಲ್ಲಿ ಬ್ಯಾಂಡು ಬಾರಿಸಿತ್ತೋ ಅವರೆಲ್ಲ ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು. ಏಳನೆಯ ದಿನದ ಹೊತ್ತಿಗೆ ಮೆರವಣಿಗೆಯ ಬಾಲ ಮೆಟ್ಟಿಲ ಹತ್ತಿರವಿದ್ದಾಗ ತಲೆ ಒಂದು ಸುತ್ತು ಮುಗಿಸಿ ಬಾಲವನ್ನು ಮುಟ್ಟುತ್ತಿತ್ತು. ಒಳಗೆ ಹೋಗಬೇಕಾದ ನೌಕರರು ಅದನ್ನು ಸೀಳಿಕೊಂಡೇ ಹೋಗಬೇಕಾಯಿತು.

ಒಂಬತ್ತನೆಯ ದಿನ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಬಂತು. ಬರುವ ಭಾನುವಾರ ಬೆಳಗ್ಗೆ ಹತ್ತಕ್ಕೆ ಅಂಗಳದಲ್ಲಿ ಕಳೆದ ವರ್ಷದ ಲೆಕ್ಕ ಓದಲಾಗುವುದು. ಅದಕ್ಕಿಂತ ಹಿಂದಿನ ವರ್ಷಗಳ ಪುಸ್ತಕಗಳು ಪರಿಶೀಲನೆಯಲ್ಲಿವೆ.

ಭಾನುವಾರ ಅಧ್ಯಕ್ಷರು ಬರಲಿಲ್ಲ. ಅವರಿಗೆ ಜ್ವರವಂತೆ. ನಗರಸಭೆಯ ಲೆಕ್ಕ ವಿಭಾಗದ ಮೇಡಂ ಒಬ್ಬರೇ ದಪ್ಪ ಪುಸ್ತಕವನ್ನು ಎದೆಗವಚಿಕೊಂಡು ಬಂದರು. ಇನ್ನೊಂದು ವರ್ಷಕ್ಕೆ ನಿವೃತ್ತರಾಗುವವರು. ಹಿಂದೆ ಅಂಗಳದಲ್ಲಿ ಓದುತ್ತಿದ್ದವರೂ ಅವರೇ. ಶುರುವಿನಲ್ಲಿ ದನಿ ನಡುಗಿತು.

"ಕೇಳ್ತಾ ಇಲ್ಲ!" ಎಂದು ಹಿಂದಿನಿಂದ ಕೂಗಿದರು.

"ಕೇಳೋದೇ ಮರೆತಿದ್ರಲ್ಲ ನೀವು, ಸ್ವಲ್ಪ ತಡೀರಿ," ಎಂದರು ಮೇಡಂ. ಅಂಗಳ ನಕ್ಕಿತು. ಅವರ ದನಿ ಸರಿಹೋಯಿತು.

ಉದ್ಯಾನದ ಹನ್ನೆರಡು ಬೆಂಚುಗಳಿಗೆ ಬಣ್ಣ ಬಳಿಸಿದ ಖರ್ಚು ಎಂದು ಓದಿದಾಗ ದಂತವೈದ್ಯರು ಎದ್ದು ನಿಂತರು. "ನಾನು ದಿನಾ ಅಲ್ಲೇ ವಾಕಿಂಗ್ ಹೋಗೋದು. ಇರೋದೇ ನಾಲ್ಕು ಬೆಂಚು!" ಗದ್ದಲವೆದ್ದಿತು. ಮೇಡಂ ಪೆನ್ಸಿಲಿನಲ್ಲಿ ಅಂಚಿಗೆ ಗೆರೆ ಎಳೆದು ಮುಂದೆ ಹೋದರು. ಹೆರಿಗೆ ಆಸ್ಪತ್ರೆ ಮುಚ್ಚಿದ್ದರಿಂದ ಆ ವರ್ಷ ಉಳಿದದ್ದು ಇಬ್ಬರು ದಾದಿಯರ ಸಂಬಳ ಮಾತ್ರ ಎಂದು ಗೊತ್ತಾಯಿತು. ಅದೇ ವರ್ಷ ಅಧ್ಯಕ್ಷರ ಕೋಣೆಗೆ ಹೊಸ ಮೇಜು, ಕುರ್ಚಿ, ಪರದೆ ಬಂದಿದ್ದವು. ನರ್ಸಮ್ಮ ತುಟಿ ಬಿಗಿಹಿಡಿದು ಕೇಳಿಸಿಕೊಂಡಳು.

ಮುಂದೆ ಹಾರ್ಡ್‌ವೇರ್ ಅಂಗಡಿ ಬೀದಿಯ ಚರಂಡಿಯ ಹೂಳನ್ನು ತಿಂಗಳಿಗೆ ಎರಡು ಸಲ ಎತ್ತಿಸಿದ ಖರ್ಚು ಬಂತು.

"ಸುಳ್ಳು!" ಎಂದು ಸಾಹುಕಾರರು ಎಗರಿದರು. "ಎತ್ತಿದ್ರೆ ಯಾವಾಗಲೂ ತುಂಬಿಕೊಂಡೇ ಯಾಕಿರುತ್ತೆ?"

ಗೋಡೆ ಪಕ್ಕದಲ್ಲಿ ಕೂತಿದ್ದ ಚರಂಡಿ ಕೆಲಸದ ಹೆಂಗಸು ಸಟ್ಟನೆ ಎದ್ದಳು. "ಸುಳ್ಳಲ್ಲ ಸ್ವಾಮಿ, ಎತ್ತಿದ್ದು ನಾನು. ಬೆಳಗ್ಗೆ ಆರಕ್ಕೆ ಎತ್ತಿ ಹೋಗ್ತೀನಿ. ಒಂಬತ್ತಕ್ಕೆ ನಿಮ್ಮ ಅಂಗಡಿಯವರು ಸಿಮೆಂಟ್ ಚೀಲ, ಪೇಂಟ್ ಡಬ್ಬ ಎಲ್ಲ ಅದಕ್ಕೇ ತಳ್ತಾರೆ. ನೀವು ಹಾಕೋದು, ನಾನು ತೆಗೆಯೋದು. ಆರು ತಿಂಗಳಿಂದ ಕೈಗವಸು ಕೊಟ್ಟಿಲ್ಲ, ಅದನ್ನ ಮೊದಲು ಓದಿ ಮೇಡಂ, ಅದು ಯಾರ ಹೊಟ್ಟೆಗೆ ಹೋಯ್ತು ಅಂತ."

ಸಾಹುಕಾರರು ಕೂತುಬಿಟ್ಟರು. ಮೇಡಂ ಹಾಳೆ ತಿರುಗಿಸಿ ಕೈಗವಸಿನ ಲೆಕ್ಕ ಹುಡುಕಿದರು. ಕೊಂಡಿದ್ದಕ್ಕೆ ಬಿಲ್ಲಿತ್ತು, ಕೊಟ್ಟಿದ್ದಕ್ಕೆ ಸಹಿಗಳಿರಲಿಲ್ಲ. ಅಲ್ಲಿಗೂ ಪೆನ್ಸಿಲ್ ಗೆರೆ ಬಿತ್ತು. ಓದಿ ಮುಗಿದಾಗ ಮಧ್ಯಾಹ್ನ ಎರಡು ಗಂಟೆ. ಹದಿನೇಳು ಗೆರೆಗಳಿಗೆ ಒಂದು ತಿಂಗಳೊಳಗೆ ಉತ್ತರ ಹೇಳಬೇಕೆಂದು ಕೂತವರೆಲ್ಲ ಕೈಯೆತ್ತಿದರು. ಹಿಂದಿನ ಸಾಲಿನಲ್ಲಿ ನಿಂತಿದ್ದ ಇನ್‌ಸ್ಪೆಕ್ಟರ್ ಕೈಯೂ ಅರ್ಧ ಮೇಲೆದ್ದದ್ದನ್ನು ಅಕ್ಕ ನೋಡಿದಳು.

ಸೋಮವಾರ ಬೆಳಗ್ಗೆ ಅವಳು ಕಚೇರಿಗೆ ಹೋದದ್ದು ಹನ್ನೊಂದು ದಿನದ ಕೂಲಿ ಕೇಳುವುದಕ್ಕೆ. ತೆರಿಗೆ ಕೌಂಟರಿನ ಸಾಲು ಮೆಟ್ಟಿಲಿಳಿದು ಹೊರಗೆ ಬಂದಿತ್ತು. ಎಲ್ಲರಿಗಿಂತ ಮುಂದೆ ನರ್ಸಮ್ಮ ನಿಂತಿದ್ದಳು.

"ಒಂದು ವರ್ಷದ್ದು ಕಟ್ತೀನಿ. ಲೆಕ್ಕ ಓದಿದ ವರ್ಷದ್ದು," ಎನ್ನುತ್ತಿದ್ದಳು.

"ಮೂರೂ ವರ್ಷದ್ದು ಒಟ್ಟಿಗೆ ಕಟ್ಬೇಕು ಅಜ್ಜಿ. ಕಂಪ್ಯೂಟರ್ ಬೇರೆ ಬೇರೆ ತಗೊಳ್ಳಲ್ಲ," ಎಂದ ಕೌಂಟರಿನ ಗುಮಾಸ್ತ.

"ಹಾಗಾದ್ರೆ ಕಂಪ್ಯೂಟರ್‌ಗೆ ಹೇಳಪ್ಪ, ಉಳಿದ ಎರಡು ವರ್ಷದ್ದನ್ನ ಅದೇ ಅಂಗಳಕ್ಕೆ ಬಂದು ಓದಲಿ ಅಂತ. ಅವತ್ತೇ ಕಟ್ತೀನಿ."

"ನಿಯಮ ಇಲ್ಲ ಅಜ್ಜಿ. ಪಕ್ಕಕ್ಕೆ ನಿಂತ್ಕೊಳ್ಳಿ, ಹಿಂದಿನವರಿಗೆ ತೊಂದರೆ."

"ನಮಗೇನೂ ತೊಂದರೆ ಇಲ್ಲ," ಎಂದರು ಹಿಂದಿನವರು. ಈ ವರ್ಷದ್ದನ್ನೂ ಕಟ್ಟಲು ಮೂರನೆಯವರಾಗಿ ನಿಂತಿದ್ದ ದಂತವೈದ್ಯರು ಗೋಡೆಗೆ ಒರಗಿ ಪೇಪರ್ ಬಿಚ್ಚಿಕೊಂಡರು. ಸಾಲು ಒಂದಿಂಚೂ ಸರಿಯಲಿಲ್ಲ. ಗುಮಾಸ್ತ ನಾಲ್ಕು ಸಲ ಒಳಗೆ ಹೋಗಿ ಬಂದ. ಮುಕ್ಕಾಲು ಗಂಟೆಯಾದ ಮೇಲೆ ಇನ್‌ಸ್ಪೆಕ್ಟರ್ ಹೊರಗೆ ಬಂದರು. ಕಪಾಟಿನಿಂದ ಹಳೆಯ ರಸೀತಿ ಪುಸ್ತಕ ತೆಗೆದು, ಧೂಳು ಊದಿ, ಒಂದು ವರ್ಷಕ್ಕೆ ಕೈಯಲ್ಲೇ ಬರೆದುಕೊಟ್ಟರು. ನರ್ಸಮ್ಮ ಕನ್ನಡಕ ಹಾಕಿಕೊಂಡು ಅಕ್ಷರ ಅಕ್ಷರ ಓದಿ, "ವರ್ಷ ಸರಿಯಾಗಿ ಬರೆದಿದೀರ," ಎಂದು ಮಡಿಚಿಟ್ಟುಕೊಂಡಳು.

ಅಕ್ಕ ಮುಂದೆ ಬಂದು ಇನ್‌ಸ್ಪೆಕ್ಟರ್ ಮುಂದೆ ತನ್ನ ಬಿಲ್ಲಿಟ್ಟಳು.

"ಇದು ಪಾಸಾಗಲ್ಲ, ಗೊತ್ತಲ್ಲ?" ಎಂದರು ಅವರು ತಗ್ಗಿದ ದನಿಯಲ್ಲಿ. "ಕರಾರು ಮುರಿದವರಿಗೆ ಒಂದು ಕಾಸೂ ಕೊಡಬಾರದು ಅಂತ ಅಧ್ಯಕ್ಷರೇ ಬರೆದಿದ್ದಾರೆ. ಬುಧವಾರದಿಂದ ನನ್ನನ್ನೂ ಜನನ ಮರಣ ವಿಭಾಗಕ್ಕೆ ಹಾಕಿದ್ದಾರೆ."

"ಕೊಡದೇ ಇದ್ರೆ ಬೇಡ ಸಾರ್. ಕೊಡಲಿಲ್ಲ ಅಂತ ಪುಸ್ತಕದಲ್ಲಿ ಬರೀರಿ. ಹನ್ನೊಂದು ದಿನ ಬಾರಿಸಿದ್ರು, ಇಷ್ಟು ತೆರಿಗೆ ಬಂತು, ಬಾರಿಸಿದವರಿಗೆ ಕೊಡಲಿಲ್ಲ ಅಂತ. ಮುಂದಿನ ವರ್ಷ ಅಂಗಳದಲ್ಲಿ ಎಲ್ಲರ ಮುಂದೆ ಅದನ್ನೂ ಗಟ್ಟಿಯಾಗಿ ಓದ್ಲಿ. ನಾನು ಮುಂದಿನ ಸಾಲಲ್ಲೇ ಕೂತಿರ್ತೀನಿ."

ಇನ್‌ಸ್ಪೆಕ್ಟರ್ ಬಿಲ್ಲನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಅದಕ್ಕೆ ನಂಬರ್ ಹಾಕಿ, ಸ್ವೀಕರಿಸಿದ್ದಕ್ಕೆ ಮೊಹರು ಒತ್ತಿ, ಒಂದು ಪ್ರತಿಯನ್ನು ಅವಳ ಕೈಗೆ ಕೊಟ್ಟರು. ಆಗಿನ್ನೂ ತೆರಿಗೆ ವಿಭಾಗದ ಕುರ್ಚಿಯಲ್ಲಿ ಅವರಿಗೆ ಎರಡು ದಿನ ಉಳಿದಿತ್ತು.